ಚಪ್ಪಲಿ ಚಿಂದಿ ಮಾಡುವ ಮುಧೋಳ ಮರಿ

ಪ್ರಶ್ನೆ: ನಮ್ಮ ಮುಧೋಳ ನಾಯಿಮರಿಗೆ 5 ತಿಂಗಳು. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮನೆ. ನಾವಿಬ್ಬರೂ ಕೆಲಸ ಮುಗಿಸಿ ಬರುವಷ್ಟರಲ್ಲಿ ಚಪ್ಪಲಿ, ಸೋಫಾ ಎಲ್ಲ ಚಿಂದಿ. ಬೈದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಏನು ಮಾಡೋದು ಸರ್?

ಉತ್ತರ: ಮೊದಲು ಬೈಯೋದು ನಿಲ್ಲಿಸಿ. ಬೆಳಿಗ್ಗೆ ಕಚ್ಚಿದ ಚಪ್ಪಲಿಗೆ ಸಂಜೆ ಬೈದರೆ ಅದಕ್ಕೆ ಅರ್ಥವಾಗೋದು ಒಂದೇ, ನೀವು ಮನೆಗೆ ಬಂದರೆ ಬೈಗುಳ ಬರುತ್ತದೆ ಅಂತ. ಇದು ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು, ವಸಡು ನವೆಯಾಗುತ್ತದೆ, ಏನಾದರೂ ಕಡಿಯಲೇಬೇಕು. ಫ್ರೀಜರಿನಲ್ಲಿಟ್ಟ ಇಡೀ ಕ್ಯಾರೆಟ್ ಕೊಡಿ, ನೀವು ಎದುರಿಗಿರುವಾಗ. ಚಪ್ಪಲಿ ಕಪಾಟಿನೊಳಗೆ ಹೋಗಲಿ, ಅದು ನಿಮ್ಮ ಕೆಲಸ!

ಇನ್ನು ಮುಧೋಳ ಅಂದರೆ ಮೊಲದ ಹಿಂದೆ ಓಡಲು ಬೆಳೆಸಿದ ತಳಿ ಅಲ್ವಾ, ದಿನಕ್ಕೆ ಹತ್ತು ನಿಮಿಷ ಗೇಟಿನವರೆಗೆ ಹೋಗಿ ಬಂದರೆ ಸಾಲದು. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಓಡಾಡಿಸಿ. ಬೇಲಿ ಇರುವ ಮೈದಾನ ಬಿಟ್ಟು ಬೇರೆಲ್ಲೂ ಹಗ್ಗ ಬಿಚ್ಚಬೇಡಿ, ಬೆಕ್ಕು ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳೋದೇ ಇಲ್ಲ. ಮಧ್ಯಾಹ್ನ ಯಾರಾದರೂ ಒಮ್ಮೆ ಬಂದು ಹೊರಗೆ ಕರೆದೊಯ್ಯುವಂತೆ ನೋಡಿಕೊಳ್ಳಿ. ರೇಬೀಸ್ ಲಸಿಕೆ ಇನ್ನೂ ಹಾಕಿಸಿಲ್ಲವಾದರೆ ಈ ವಾರವೇ ಹಾಕಿಸಿ.