ತೋಟದ ಮನೆ ಬಿಟ್ಟು ಬರಲು ಒಪ್ಪದ ಅಪ್ಪ-ಅಮ್ಮನನ್ನು ಆರೈಕೆ ನಿವಾಸಕ್ಕೆ ಕರೆತರುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಮೂರು ಬಾರಿ ಓದಿದೆ. ಕೊಡಗಿನ ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿ 79ರ ತಂದೆ, 74ರ ತಾಯಿ ಇಬ್ಬರೇ ಇದ್ದಾರೆ. ನೀವು ಬೆಂಗಳೂರಿನಲ್ಲಿ. ತಂದೆ ಕಾಫಿ ಕಣದಲ್ಲಿ ಒಮ್ಮೆ ಜಾರಿ ಬಿದ್ದಿದ್ದಾರೆ. ಮಳೆ ಹಿಡಿಯುವುದರೊಳಗೆ ಇಬ್ಬರನ್ನೂ ಮೈಸೂರಿನ ಅಸಿಸ್ಟೆಡ್ ಲಿವಿಂಗ್‌ಗೆ ಸೇರಿಸಬೇಕೆಂದು ನೀವು, ಸತ್ತರೂ ಬರುವುದಿಲ್ಲವೆಂದು ಅವರು. ಕೆಲವು ವರ್ಷಗಳ ಹಿಂದೆ ನಾನೂ ಇಲ್ಲಿಯೇ ನಿಂತಿದ್ದೆ. ಇದೇ ಕೆಲಸವನ್ನು ಒಮ್ಮೆ ಕೆಡಿಸಿ, ಇನ್ನೊಮ್ಮೆ ಸರಿಯಾಗಿ ಮಾಡಿದವಳಾಗಿ ಬರೆಯುತ್ತಿದ್ದೇನೆ.

ನಮ್ಮದೂ ಕೊಡಗೇ, ನಾಪೋಕ್ಲು ಕಡೆ. ಕಾವೇರಿ ಉಕ್ಕಿದರೆ ಬೊಳಿಬಾಣೆಯಲ್ಲಿ ರಸ್ತೆ ಮುಳುಗುತ್ತದೆ, ಮೂರ್ನಾಡಿಗೆ ಹೋಗುವ ದಾರಿ ಮುಚ್ಚುತ್ತದೆ. ಕರೆಂಟು ಹೋಗಿ ಒಂದೆರಡು ದಿನವಾದರೆ ಮೊಬೈಲ್ ಕೂಡ ಸತ್ತಂತೆಯೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ನಾಲ್ಕು ದಿನ ಅಪ್ಪ-ಅಮ್ಮನ ದನಿ ಕೇಳಿಸಲಿಲ್ಲ. ಅವರಿಗೆ ಏನೂ ಆಗಿರಲಿಲ್ಲ. ಆದರೆ ಆ ನಾಲ್ಕು ದಿನಗಳ ಭಯ ನನ್ನೊಳಗೆ ಬೇರು ಬಿಟ್ಟಿತು. ಮುಂದೊಂದು ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಅಮ್ಮ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ತೀರ್ಮಾನ ಮಾಡಿದ್ದು ನಾನಲ್ಲ, ಆ ಭಯ. ಎರಡೇ ದಿನದಲ್ಲಿ ಬಟ್ಟೆಬರೆ ತುಂಬಿ, ಮನೆಗೆ ಬೀಗ ಹಾಕಿ, ಮೈಸೂರಿಗೆ ಕರೆತಂದೆ.

ಹತ್ತೊಂಬತ್ತನೆಯ ದಿನ ಅಪ್ಪ ಬಸ್ ಹತ್ತಿ ಊರಿಗೆ ಹೋಗಿಬಿಟ್ಟರು. ಹುಡುಕಿಕೊಂಡು ಹೋದರೆ ಬಾಗಿಲಿಗೆ ಅಡ್ಡವಾಗಿ ನಿಂತು ಒಂದೇ ಮಾತು ಹೇಳಿದರು: "ರಜೆ ಮುಗಿಸಿ ರೆಜಿಮೆಂಟಿಗೆ ಹೊರಡುವಾಗ ಪ್ರತಿ ಸಲವೂ ನನ್ನ ಪೆಟ್ಟಿಗೆಯನ್ನು ನಾನೇ ಕಟ್ಟಿಕೊಂಡಿದ್ದೇನೆ. ನೀನು ನನ್ನ ಪೆಟ್ಟಿಗೆಯನ್ನೂ ಕಟ್ಟಿದೆ."

ಈ ಮಾತು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಅಪ್ಪನಿಗೆ ಬೇಕಿದ್ದದ್ದು ಬರೀ ಗೋಡೆ, ಹೆಂಚುಗಳಲ್ಲ. ತೋಟದವರಿಗೆ ವರ್ಷವೆಂದರೆ ಕೆಲಸದ ಸರಣಿ: ಕಾಫಿ ಹೂ ಅರಳಿಸುವ ಹೂಮಳೆ, ಕಾಯಿ ಕಚ್ಚಿಸುವ ಕಾಯಿಮಳೆ, ಮಳೆಗೆ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಆಮೇಲೆ ಕಳೆ, ಗೊಬ್ಬರ, ಚಳಿಯಲ್ಲಿ ಕಾಫಿ ಕೊಯ್ಲು, ಕೊನೆಗೆ ಕರಿಮೆಣಸು. ನಾನು ಅವರನ್ನು ಎಬ್ಬಿಸಿ ತಂದದ್ದು ನಡುಮಳೆಯಲ್ಲಿ, ಕಾಯಿ ಉದುರುತ್ತಿದೆಯೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಸಮಯದಲ್ಲಿ. ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದ ಮನುಷ್ಯ ಎಲ್ಲಿ ತಾನೇ ನೆಮ್ಮದಿಯಾಗಿ ಕುಳಿತಾನು?

ಎರಡನೆಯ ಸಲ ಹೊರಟದ್ದು ಏಪ್ರಿಲ್ ಕೊನೆಯಲ್ಲಿ. ರೊಬಸ್ಟಾ ಕೊಯ್ದು, ಒಣಗಿಸಿ, ಮಾರಿಯಾಗಿತ್ತು. ಮೆಣಸು ಇಳಿಸಿಯಾಗಿತ್ತು. ಆಳುಗಳ ಲೆಕ್ಕವನ್ನು ಅಪ್ಪನೇ ಚುಕ್ತಾ ಮಾಡಿದರು. ತೋಟವನ್ನು ಚಿಕ್ಕಪ್ಪನ ಮಗನಿಗೆ ಗುತ್ತಿಗೆಗೆ ಕೊಡುವ ಮಾತನ್ನೂ ಅವರೇ ಆಡಿದರು. ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಪೆಟ್ಟಿಗೆಯನ್ನು ಅವರೇ ಕಟ್ಟಿದರು.

ಆದ್ದರಿಂದ ನಿಮಗೆ ನನ್ನ ಸಲಹೆ: ಈ ಮಳೆಗಾಲಕ್ಕೆ ಮನೆ ಬಿಡಿಸಬೇಡಿ, ಮಳೆಗಾಲ ಕಳೆಯಲು ಕರೆಯಿರಿ. ಅಲ್ಪಾವಧಿಗೆ ಇಟ್ಟುಕೊಳ್ಳುವ ನಿವಾಸಗಳಿವೆ. ಜುಲೈ, ಆಗಸ್ಟ್ ಎರಡು ತಿಂಗಳು ಎಂದು ಹೇಳಿ, ಹಿಂತಿರುಗುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಬಂದಾಗ ನೀವೇ ಕಾರಿನಲ್ಲಿ ಊರಿಗೆ ಬಿಟ್ಟು ಬನ್ನಿ. ಅಲ್ಲಿ ಮಾತು ತಪ್ಪಿದರೆ ಮತ್ತೆ ನಿಮ್ಮನ್ನು ನಂಬುವುದಿಲ್ಲ. ಶಾಶ್ವತವಾಗಿ ಬರುವ ಮಾತು ಮುಂದಿನ ಕೊಯ್ಲು ಮುಗಿದ ಮೇಲೆ. ನಿಮ್ಮ ಕಡೆ ಅರೇಬಿಕಾ ಇದ್ದರೆ ಕಾಫಿ ಬೇಗ ಮುಗಿಯುತ್ತದೆ, ಆದರೂ ಮೆಣಸು ಇಳಿಯುವ ತನಕ ಕಾಯಿರಿ. ಅಷ್ಟರೊಳಗೆ ಮತ್ತೆ ಬಿದ್ದರೆ, ಅಥವಾ ತಾಯಿಗೆ ಒಲೆ ಆರಿಸುವುದು ಮರೆಯತೊಡಗಿದರೆ, ಆಗ ಮಾತ್ರ ಯಾವ ಲೆಕ್ಕವನ್ನೂ ನೋಡಬೇಡಿ.

ಇನ್ನು ಜಾಗ ನೋಡುವ ವಿಷಯ. ಮೊದಲು ಊಟ ಕೇಳಿ. ನಾವು ನೋಡಿದ ನಾಲ್ಕು ನಿವಾಸಗಳಲ್ಲಿ ಮೂರು ಶುದ್ಧ ಸಸ್ಯಾಹಾರಿ. ಜೀವಮಾನವಿಡೀ ಕಡಂಬಿಟ್ಟಿನ ಜೊತೆ ಪಂದಿಕರಿ ಉಂಡವರಿಗೆ 80ನೇ ವಯಸ್ಸಿನಲ್ಲಿ ದಿನವೂ ಬೇಳೆ ಸಾರು ಹಾಕುವುದು ನನಗೆ ಕ್ರೌರ್ಯವೆಂದೇ ಕಾಣುತ್ತದೆ. ಕೊನೆಗೆ ಸಿಕ್ಕ ಜಾಗದಲ್ಲಿ ಕೋಳಿ, ಮೊಟ್ಟೆ ಮಾಡುತ್ತಾರೆ, ಮನೆಯಿಂದ ತಂದದ್ದನ್ನು ಕೋಣೆಯಲ್ಲಿ ತಿನ್ನಲು ಬಿಡುತ್ತಾರೆ. ಅಮ್ಮನ ಕಪಾಟಿನಲ್ಲಿ ಈಗಲೂ ಒಂದು ಬಾಟಲಿ ಕಾಚಂಪುಳಿ, ನಮ್ಮ ಅಡುಗೆಯ ಕಪ್ಪು ಹುಳಿ, ಇರುತ್ತದೆ.

ಆಮೇಲೆ ರಾತ್ರಿ. ರಾತ್ರಿ ಎರಡು ಗಂಟೆಗೆ ಗಂಟೆ ಒತ್ತಿದರೆ ಬರುವವರು ಯಾರು, ಒಬ್ಬರ ಮೇಲೆ ಎಷ್ಟು ಜನರ ಹೊಣೆ ಎಂದು ಕೇಳಿ. ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರೋ, ಬೇರೆ ಕಡೆ ನೋಡಿಕೊಳ್ಳಿ ಎನ್ನುತ್ತಾರೋ ಎಂಬುದು ಬರವಣಿಗೆಯಲ್ಲಿ ಇರಲಿ. ಠೇವಣಿಯಲ್ಲಿ ಎಷ್ಟು, ಯಾವಾಗ ಹಿಂದಿರುಗುತ್ತದೆ ಎಂಬುದೂ ಇರಲಿ. ನಾವು ಮೊದಲು ಸೇರಿಸಿದ ಜಾಗದಲ್ಲಿ ಇದಾವುದನ್ನೂ ಕೇಳದೆ ಸಹಿ ಹಾಕಿ ಹಣ ಕಳೆದುಕೊಂಡೆ.

ಯಾರೂ ನನಗೆ ಹೇಳಿರದ ಒಂದು ಸಂಗತಿ ಇದೆ. ಊರಿನ ಮನೆಯಲ್ಲಿ ಅಮ್ಮ ಮಂಚದಿಂದ ಇಳಿದು ಬಲಕ್ಕೆ ತಿರುಗಿದರೆ ಶೌಚಾಲಯ. ಹೊಸ ಕೋಣೆಯಲ್ಲಿ ಅದು ಎಡಕ್ಕೆ. ಕತ್ತಲಲ್ಲಿ ನಿದ್ದೆಗಣ್ಣಿನಲ್ಲಿ ಎದ್ದವರು ಬಲಕ್ಕೇ ನಡೆದು ಗೋಡೆಗೆ ಹಣೆ ಹೊಡೆಸಿಕೊಂಡರು. ಎರಡನೆಯ ಸಲ ಮಂಚವನ್ನೇ ತಿರುಗಿಸಿ ಹಾಕಿಸಿದೆ, ದಾರಿಗೆ ಒಂದು ಸಣ್ಣ ರಾತ್ರಿ ದೀಪ ಇಟ್ಟೆ. ಹಳೆಯ ಕಂಬಳಿಯನ್ನು ಒಗೆಯದೆ ಹಾಗೆಯೇ ತಂದೆ, ಮನೆಯ ಹೊಗೆಯ ವಾಸನೆ ಅದರಲ್ಲಿತ್ತು. ಮೊದಲ ಒಂದೆರಡು ವಾರ ಗಲಿಬಿಲಿ ಇರುತ್ತದೆ, ಹೆದರಬೇಡಿ. ಆದರೆ ನೆಟ್ಟಗಿದ್ದವರು ಒಂದೇ ದಿನದಲ್ಲಿ ಅಸಂಬದ್ಧವಾಗಿ ಮಾತನಾಡತೊಡಗಿದರೆ "ಜಾಗ ಬದಲಾಗಿದೆ, ಅದಕ್ಕೆ" ಎಂದು ಸುಮ್ಮನಿರಬೇಡಿ. ಈ ವಯಸ್ಸಿನಲ್ಲಿ ಮೂತ್ರದ ಸೋಂಕು, ನೀರಿನ ಕೊರತೆ, ಸೋಡಿಯಂ ಇಳಿಯುವುದು, ಔಷಧಿ ಹೆಚ್ಚುಕಡಿಮೆಯಾಗುವುದು ಇವೆಲ್ಲ ಹಾಗೆಯೇ ಕಾಣಿಸಿಕೊಳ್ಳುತ್ತವೆ. ಅಂದೇ ವೈದ್ಯರಿಗೆ ತೋರಿಸಿ.

ಕಾಗದಪತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಇದ್ದರೆ ಅದು ಒಕ್ಕದ, ಅಂದರೆ ಇಡೀ ಮನೆತನದ ಆಸ್ತಿ, ಅದನ್ನು ಮಾರಿ ಖರ್ಚು ತೂಗಿಸುವ ಲೆಕ್ಕ ಹಾಕಬೇಡಿ. ಉಳಿದ ತೋಟವನ್ನೂ ಈ ಗಡಿಬಿಡಿಯಲ್ಲಿ ಮಕ್ಕಳ ಹೆಸರಿಗೆ ದಾನಪತ್ರ ಮಾಡಿಸಬೇಡಿ. ಮಾಡಲೇಬೇಕೆಂದಿದ್ದರೆ, ತಂದೆತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಇರಲಿ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ತಂದೆ ಸೇನೆಯಲ್ಲಿದ್ದವರಾದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಜೊತೆಗಿರಲಿ, ಮೈಸೂರಿನ ಪಾಲಿಕ್ಲಿನಿಕ್ ನಿವಾಸದಿಂದ ಎಷ್ಟು ದೂರ ಎಂದು ನೋಡಿ. ಪಿಂಚಣಿಗೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡುವುದು ಈಗ ಮೊಬೈಲಿನಲ್ಲೇ, ಮುಖ ತೋರಿಸಿ ಮಾಡಬಹುದು. ಮನೆಯಲ್ಲಿ ಕೋವಿ ಇದ್ದರೆ, ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆಯೆಂದು ಅದನ್ನು ಬೀಗ ಹಾಕಿದ ಮನೆಯಲ್ಲಿ ಬಿಟ್ಟು ಬರಬೇಡಿ. ಯಾರ ವಶಕ್ಕೆ, ಯಾವ ಕಾಗದದ ಮೇಲೆ ಎಂದು ಜಿಲ್ಲಾಡಳಿತದ ಕಚೇರಿಯಲ್ಲಿ ವಿಚಾರಿಸಿ. ನಮ್ಮದು ಈಗ ಚಿಕ್ಕಪ್ಪನ ಮಗನ ಬಳಿ ಇದೆ. ಪ್ರತಿ ಸೆಪ್ಟೆಂಬರ್ 3ಕ್ಕೆ, ಕೊಡವರು ಆಯುಧ ಪೂಜಿಸುವ ಹಬ್ಬವಾದ ಕೈಲ್ ಪೊಳ್ದ್‌ಗೆ, ಅಪ್ಪ ಊರಿಗೆ ಹೋಗಿ ಅದಕ್ಕೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಬರುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಹಬ್ಬಕ್ಕೆ ಹೋಗಿ ಬರುವ ದೂರವೇ.

ಕೊನೆಯದಾಗಿ, ತಂದೆ ತಾವೇ ಆರಿಸಿದ ಒಂದು ವಸ್ತುವನ್ನು, ನಿಮಗೆ ಎಷ್ಟೇ ಅನವಶ್ಯಕವೆನಿಸಿದರೂ, ತರಲು ಬಿಡಿ. ನಮ್ಮಪ್ಪ ತಂದದ್ದು ಅಂಗಳದಲ್ಲಿದ್ದ ಮಳೆಮಾಪಕ ಮತ್ತು ಮಳೆಯ ಲೆಕ್ಕ ಬರೆದಿಟ್ಟ ಹಳೆಯ ಪುಸ್ತಕಗಳನ್ನು. ನಿವಾಸದವರು ಹುಲ್ಲುಹಾಸಿನ ಮೂಲೆಯಲ್ಲಿ ಜಾಗ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಅಪ್ಪ ಅಲ್ಲಿಯ ಮಳೆ ಅಳೆಯುತ್ತಾರೆ. ಆಮೇಲೆ ಊರಿಗೆ ಫೋನ್ ಮಾಡಿ "ನಿನ್ನೆ ಎಷ್ಟು ಸೆಂಟ್?" ಎಂದು ಕೇಳುತ್ತಾರೆ (ನೂರು ಸೆಂಟ್ ಎಂದರೆ ಒಂದು ಇಂಚು ಮಳೆ). ಪುಟದ ಎಡಕ್ಕೆ ನಾಪೋಕ್ಲು, ಬಲಕ್ಕೆ ಮೈಸೂರು. ಕಳೆದ ಮಾರ್ಚ್‌ನಲ್ಲಿ ಎಡಗಡೆ ಒಂದು ಇಂಚು ಹತ್ತು ಸೆಂಟ್ ಬಿದ್ದ ದಿನ, ಹೂಮಳೆ ಚೆನ್ನಾಗಿ ಬಂತೆಂದು ಅಮ್ಮನನ್ನು ಎಬ್ಬಿಸಿ ಹೇಳಿದರಂತೆ.