ಎಡಗಡೆ ಲೋ ಬೀಮ್ ಮಾತ್ರ ಉರೀತಿಲ್ಲ: ಕಪ್ಲರ್ ನೋಡಿ

ಹೆಡ್‌ಲೈಟಿಗೆ ಹೊಸ ಎಚ್4 ಬಲ್ಬ್ (ಲೋ, ಹೈ ಎರಡೂ ಒಂದರಲ್ಲೇ ಇರೋದು) ಹಾಕಿದರೂ ಎಡಗಡೆ ಲೋ ಬೀಮ್ ಇಲ್ಲ, ಹೈ ಬೀಮ್ ಬರ್ತಿದೆ ಅಂದಿದ್ದೀರಿ. ಹಾಗಾದರೆ ಎರಡಕ್ಕೂ ಸೇರಿದ ಕಾಮನ್ ಪಿನ್ ಸರಿಯಿದೆ, ಅರ್ತ್ ತೊಂದರೆ ಹುಡುಕ್ತಾ ಕೂರಬೇಡಿ. ಲೋ ಬೀಮಿಗೆ ಬೇರೆ ಫ್ಯೂಸ್ ಇದ್ದರೆ ಅದನ್ನು ನೋಡಿ. ಆಮೇಲೆ ಲೈಟ್ ಆಫ್ ಮಾಡಿ ಕಪ್ಲರ್ (ಬಲ್ಬ್ ಹಿಂದೆ ಸಿಕ್ಕಿಸೋ ವೈರಿನ ಪ್ಲಗ್) ಕಿತ್ತು ಒಳಗೆ ಟಾರ್ಚ್ ಬಿಡಿ. ಲೋ ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಅದೇ ಕಾರಣ. 60/55 ವ್ಯಾಟ್ (ಹೈ/ಲೋ) ಬಲ್ಬಿನ ಜಾಗಕ್ಕೆ 100/90 ಹಾಕಿದರೆ ಆಗೋದೇ ಇದು: ಪಿನ್ ಕಾದು ಸಡಿಲವಾಗುತ್ತೆ, ಸಡಿಲವಾದಷ್ಟೂ ಇನ್ನೂ ಕಾಯುತ್ತೆ. ಪಿನ್ ಉಜ್ಜಿದರೆ ನಾಲ್ಕು ದಿನ ಬರುತ್ತೆ ಅಷ್ಟೆ. ಸೆರಾಮಿಕ್ ಕಪ್ಲರ್ ಹಾಕಿಸಿ, ಸುಟ್ಟ ವೈರನ್ನು ಹೊಳೆಯೋ ತಾಮ್ರ ಕಾಣೋವರೆಗೂ ಕತ್ತರಿಸಿಯೇ ಜೋಡಿಸಲಿ. ಅಲ್ಲಿವರೆಗೆ ಮಂಡ್ಯ ಕಡೆ ರಾತ್ರಿ ಹೋಗಬೇಡಿ. ಎಷ್ಟೋ ಕಬ್ಬಿನ ಗಾಡಿಗಳಿಗೆ ಹಿಂದೆ ಲೈಟೇ ಇರಲ್ಲ. ಬಲ್ಬ್ ಮತ್ತೆ ಕೂರಿಸುವಾಗ ಗಾಜನ್ನು ಬೆರಳಿಂದ ಮುಟ್ಟಬೇಡಿ, ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತೆ.