ಜನರೇಟರ್ ಹಾಕಿಸಿದರೆ ಮನೆ ಹೊರಗೆ ಎಮರ್ಜೆನ್ಸಿ ಸ್ವಿಚ್ ಬೇಕಾ?

ನಿಮ್ಮ ಪ್ರಶ್ನೆ ಹೀಗಿದೆ: ಸೋಮವಾರಪೇಟೆ ಕಡೆಯ ತೋಟದ ಮನೆಗೆ ಇನ್ವರ್ಟರ್ ಈಗಾಗಲೇ ಇದೆ, ಜೊತೆಗೆ ಜನರೇಟರ್ ಹಾಕಿಸುತ್ತಿದ್ದೀರಿ. ಅಮೆರಿಕದಲ್ಲಿರುವ ಅಣ್ಣ "ಹೊರಗೆ ಎಮರ್ಜೆನ್ಸಿ ಡಿಸ್‌ಕನೆಕ್ಟ್ ಇರಲೇಬೇಕು, ಕೋಡ್‌ನಲ್ಲಿದೆ" ಅಂದಿದ್ದಾರೆ. ಇಲ್ಲೂ ಅದು ಕಡ್ಡಾಯವಾ?

ನಾನು ವಿರಾಜಪೇಟೆ ಕಡೆ ವೈರಿಂಗ್ ಕೆಲಸ ಮಾಡುವವನು. ಅಣ್ಣ ಹೇಳಿದ್ದು ಅವರ ಊರಿಗೆ ಸರಿ. ಅಲ್ಲಿನ ವೈರಿಂಗ್ ನಿಯಮಗಳ ಪುಸ್ತಕವಾದ ಕೋಡ್‌ಗೆ (ಎನ್‌ಇಸಿ) 2020ರ ಆವೃತ್ತಿಯಲ್ಲಿ 230.85 ಅನ್ನುವ ವಿಧಿ ಸೇರಿತು. ಒಂದು ಅಥವಾ ಎರಡು ಸಂಸಾರದ ಮನೆಯಾದರೆ ಹೊರಗಡೆ, ಸುಲಭವಾಗಿ ಕೈಗೆ ಸಿಗುವ ಕಡೆ ಸ್ವಿಚ್ ಇರಬೇಕು. ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಒಳಗೆ ಹೋಗದೆ ಕರೆಂಟ್ ತೆಗೆಯಲಿ ಅಂತ. ಜನರೇಟರ್, ಬ್ಯಾಟರಿಗಳ ಸ್ವಿಚ್ ಬೇರೆ ಕಡೆ ಇದ್ದರೆ ಅದು ಎಲ್ಲಿದೆ ಅಂತ ಅಲ್ಲೇ ಫಲಕ ಹಾಕಬೇಕು.

ಆ ಕೋಡ್ ನಮಗೆ ಅನ್ವಯಿಸಲ್ಲ. ನಮಗಿರುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು. ಸಪ್ಲೈ ಶುರುವಾಗುವ ಜಾಗದ ಹತ್ತಿರವೇ, ಸುಲಭವಾಗಿ ಕೈಗೆ ಸಿಗುವಂತೆ, ಪೂರ್ತಿ ಸಪ್ಲೈ ಕಡಿಯುವ ಮೇನ್ ಸ್ವಿಚ್ ಇರಬೇಕು ಅನ್ನುವುದು ನಮ್ಮಲ್ಲಿ ಹಳೇ ನಿಯಮ. ಅಷ್ಟು ಸಾಕಾ? ನನ್ನ ಪ್ರಕಾರ ಕೊಡಗಿನಲ್ಲಿ ಸಾಲದು.

ಬೆಂಕಿಗಿಂತ ಇಲ್ಲಿ ಜಾಸ್ತಿ ಭಯ ಲೈನ್‌ಮ್ಯಾನ್‌ದು. ಆಷಾಢದ ಮಳೆಗೆ ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬೀಳುತ್ತದೆ, ನಮಗೆ ಕರೆಂಟ್ ಕೊಡುವ ಚೆಸ್ಕಾಂ ಕಂಪನಿಯ ಹುಡುಗರು ಕತ್ತಲಲ್ಲಿ ಕಂಬ ಹತ್ತುತ್ತಾರೆ. ಅದೇ ಹೊತ್ತಿಗೆ ನೀವು ಜನರೇಟರ್ ಶುರು ಮಾಡಿರುತ್ತೀರಿ. ಅದರ ಕರೆಂಟ್ ಮೀಟರ್ ದಾಟಿ ಹಿಂದಕ್ಕೆ ಹರಿದರೆ, ಟಿಸಿ (ಟ್ರಾನ್ಸ್‌ಫಾರ್ಮರ್) ಉಲ್ಟಾ ಕೆಲಸ ಮಾಡಿ 11 ಕೆವಿ ಲೈನನ್ನೇ ಚಾರ್ಜ್ ಮಾಡಬಹುದು. ಪೇಟೆಯಲ್ಲಾದರೆ ಅಕ್ಕಪಕ್ಕದ ಮನೆಗಳ ಲೋಡ್ ಬಿದ್ದು ಸಣ್ಣ ಜನರೇಟರ್ ನಿಂತೇಹೋಗುತ್ತದೆ. ತೋಟದಲ್ಲಿ ಎಷ್ಟೋ ಕಡೆ ಒಂದು ಟಿಸಿಗೆ ಒಂದೆರಡೇ ಮನೆ, ಹಾಗೆ ನಿಲ್ಲಿಸುವಷ್ಟು ಲೋಡ್ ಇರಲ್ಲ. ಎರಡೂ ತುದಿಗೆ ಪಿನ್ ಇರೋ ವೈರ್ ಮಾಡಿಕೊಂಡು ಜನರೇಟರನ್ನು ಗೋಡೆ ಸಾಕೆಟ್‌ಗೆ ಚುಚ್ಚುವವರು ಇನ್ನೂ ಇದ್ದಾರೆ. ನೋಡಿದರೆ ಕತ್ತರಿಸಿ ಎಸೆಯಿರಿ.

ಹಾಗಾಗಿ ಮಧ್ಯದಲ್ಲಿ ಆಫ್ ಇರುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಸಿಂಗಲ್ ಫೇಸ್‌ಗೆ ಎರಡು ಪೋಲ್ (ಅಂದರೆ ಎರಡು ವೈರನ್ನು ಒಟ್ಟಿಗೆ ಬದಲಿಸುವುದು), ತ್ರೀ ಫೇಸ್‌ಗೆ ನಾಲ್ಕು ಪೋಲ್. ನ್ಯೂಟ್ರಲ್ ಕೂಡ ಬದಲಾಗಲೇಬೇಕು, ಅದರಲ್ಲಿ ದುಡ್ಡು ಉಳಿಸಬೇಡಿ. ಹಿಡಿ ಒಂದು ಕಡೆಗೆ ಚೆಸ್ಕಾಂ, ಇನ್ನೊಂದು ಕಡೆಗೆ ಜನರೇಟರ್, ನಡುವೆ ಇಟ್ಟರೆ ಎರಡೂ ಮನೆಗೆ ಬರಲ್ಲ. ಇದನ್ನು ಮೀಟರ್ ಪಕ್ಕ ಹೊರಗೋಡೆಗೆ ಹಾಕಿಸಿದರೆ ಅಣ್ಣ ಹೇಳಿದ್ದು ಹೆಚ್ಚುಕಮ್ಮಿ ಆಯಿತು.

ಪೂರ್ತಿ ಆಗಲಿಲ್ಲ, ಯಾಕೆಂದರೆ ಇನ್ವರ್ಟರ್ ಇದೆ. ಹಿಡಿ ನಡುವೆ ಇಟ್ಟರೂ ಅದರ ಫೇಸ್ ಮನೆಯೊಳಗಿನ ಡಿಬಿಗೆ (ಎಂಸಿಬಿಗಳಿರುವ ಬಾಕ್ಸ್) ಬರುತ್ತಲೇ ಇರುತ್ತದೆ. ಮೇನ್ ಆಫ್ ಇದೆ ಅಂತ ನಂಬಿ ಕೈ ಹಾಕಿದವರಿಗೆ ಹೊಡೆಯುವುದು ಇದೇ. ಇನ್ವರ್ಟರ್ ಔಟ್‌ಪುಟ್ ವೈರ್ ಡಿಬಿಗೆ ಹೋಗುವ ಮೊದಲು ಹೊರಗಿನ ಬಾಕ್ಸ್‌ಗೆ ಬಂದು, ಒಂದು ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್) ಹಾದು ಹೋಗಲಿ. ಬ್ಯಾಟರಿ ಎಲ್ಲಿದೆ ಅಂತ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಮುಂದೆ ಸೋಲಾರ್ ಹಾಕಿಸಿದರೆ ನೆನಪಿರಲಿ, ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್ ವೈರಿನಲ್ಲಿ ಡಿಸಿ ಇದ್ದೇ ಇರುತ್ತದೆ. ಅದಕ್ಕೆ ಬೇರೆ ಡಿಸಿ ಐಸೊಲೇಟರ್ ಬೇಕು.

ಬಾಕ್ಸ್‌ಗೆ ಕೇಬಲ್ ಕೆಳಗಿನಿಂದಲೇ ಗ್ಲ್ಯಾಂಡ್ (ತೂತಿನಲ್ಲಿ ಕೇಬಲನ್ನು ಬಿಗಿಯಾಗಿ ಹಿಡಿಯುವ ಭಾಗ) ಹಾಕಿ ತರಲಿ. ಮೇಲಿನಿಂದ ತಂದರೆ ನಮ್ಮ ಮಳೆಯ ನೀರು ಕೇಬಲ್ ಹಿಡಿದುಕೊಂಡೇ ಒಳಗಿಳಿಯುತ್ತದೆ. ಖಾಲಿ ತೂತುಗಳನ್ನು ಮುಚ್ಚಿಸಿ, ಇಲ್ಲದಿದ್ದರೆ ಹಲ್ಲಿ ಹೋಗಿ ಶಾರ್ಟ್ ಆಗುತ್ತದೆ. ಜನರೇಟರನ್ನು ಮಳೆ ಅಂತ ಜಗಲಿಗೋ ಬಾಗಿಲು ಮುಚ್ಚಿದ ಶೆಡ್‌ಗೋ ತರಬೇಡಿ. ಹೊಗೆಗೆ ಪ್ರಾಣ ಹೋಗುತ್ತದೆ.

ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ದುಡ್ಡು ಕೊಡುವ ಮೊದಲು, ಕರೆಂಟ್ ಹೋದಾಗ ಜನರೇಟರ್ ಓಡಿಸಿ, ಚೇಂಜ್‌ಓವರಿನ ಚೆಸ್ಕಾಂ ಕಡೆಯ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟು ತೋರಿಸಲು ಅವರಿಗೇ ಹೇಳಿ. ಸೊನ್ನೆ ಬರಬೇಕು. ಆಮೇಲೆ ನಿಮ್ಮ ಲೈನ್‌ಮ್ಯಾನ್‌ಗೂ ಒಂದು ಫೋನ್ ಮಾಡಿ, ಈ ಮನೆಯಲ್ಲಿ ಜನರೇಟರ್ ಇದೆ ಅಂತ.